ಬಡಕಲು ಕುದುರೆಗೆ ಹುರುಳಿ ಸುರಿಯಬೇಡ್ರಿ

ನಮ್ಮ ಟಾಂಗಾ ಕುದುರೆ ಪಕ್ಕೆಲುಬು ಎಣಿಸೋ ಹಾಗಿದೆ. ನೋಡಿದವರೆಲ್ಲ "ಎರಡು ಸೇರು ಹುರುಳಿ ಬೇಯಿಸಿ ಹಾಕ್ರಿ, ತಿಂಗಳಲ್ಲಿ ಮೈ ತುಂಬ್ತದೆ" ಅಂತಾರೆ. ಹೋದ ವರ್ಷ ನಾನೂ ಹಾಗೇ ಮಾಡಿದೆ, ಜೊತೆಗೆ ಜೋಳದ ನುಚ್ಚು ಬೇರೆ. ನಾಲ್ಕನೇ ದಿನ ಮುಂಗಾಲಿನ ಗೊರಸು ಬಿಸಿ. ಹಿಂದಕ್ಕೆ ವಾಲಿ ನಿಂತಿತು, ಹೆಜ್ಜೆ ಎತ್ತಲಿಲ್ಲ. ಡಾಕ್ಟರು ಹೇಳಿದ್ದು ಇಷ್ಟು: ಹಿಟ್ಟಿನಂಶ ಜಾಸ್ತಿಯಾದ್ರೆ ಪೂರ್ತಿ ಜೀರ್ಣ ಆಗದೆ ದೊಡ್ಡ ಕರುಳಿಗೆ ಹೋಗಿ ಹುಳಿ ಆಗ್ತದೆ, ಅದರ ಪೆಟ್ಟು ಗೊರಸಿಗೆ. ಒಮ್ಮೆ ಬಂದ ಕುದುರೆಗೆ ಮತ್ತೆ ಬರೋದು ಸುಲಭ.

ಅದಕ್ಕೇ ಹೇಳ್ತೀನಿ, ಕಾಳಿನ ಚೀಲ ಬಿಚ್ಚೋ ಮೊದಲು ಹಲ್ಲು ನೋಡಿಸ್ರಿ, ಲದ್ದಿ ಪರೀಕ್ಷೆ ಮಾಡಿಸ್ರಿ. ನಮ್ಮದಕ್ಕೆ ದವಡೆ ಹಲ್ಲು ಚೂಪಾಗಿ ಕೆನ್ನೆ ಒಳಗೆ ಗಾಯ. ಮೇವು ಅಗಿದು ಉಂಡೆ ಮಾಡಿ ಉಗುಳ್ತಿತ್ತು. ಹಲ್ಲಿಗೆ ಅರ ಹಾಕಿಸಿದ ಮೇಲೆ ಒಣಹುಲ್ಲೇ ಮೈಗೆ ಹತ್ತುತ್ತಿದೆ. ಸುಮಾರು 300 ಕೆಜಿ ಕುದುರೆ, ದಿನಕ್ಕೆ 6 ಕೆಜಿ ಹುಲ್ಲು. ಒಂದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ನಾಲ್ಕು ಸಲ ಹಾಕ್ತೀನಿ. ಮೇಲೆ ಎರಡು ಚಮಚ ಎಣ್ಣೆ, ಎರಡು-ಮೂರು ವಾರದಲ್ಲಿ ನಿಧಾನಕ್ಕೆ ಏರಿಸೋದು. ಮಳೆ ಬಿದ್ದ ಮೇಲಿನ ಎಳೆ ಹುಲ್ಲಿಗೆ ಬಿಡ್ತಿಲ್ಲ.

ನೆರೆಯವರಿಗೆ ಇದು ಜಿಪುಣತನ. ಅನ್ಲಿ. ದಿನಾ ಬೆಳಿಗ್ಗೆ ಗೊರಸು ಮುಟ್ಟಿ ನೋಡ್ತೀನಿ, ಇವತ್ತೂ ತಣ್ಣಗಿತ್ತು.