ಅಂಬಾಸಿಡರ್‌ನ ಎಂಜಿನ್ ಕೀಳೋ ಮುಂಚೆ

ತಾತನ ಕಾಲದ ಅಂಬಾಸಿಡರ್‌ನ ಬಾನೆಟ್ ಎತ್ತಿ, ಒಳಗಿದ್ದ ಎಂಜಿನ್ ಕಿತ್ತು, ಆ ಜಾಗದಲ್ಲಿ ಯಾವುದೋ ಹ್ಯಾಚ್‌ಬ್ಯಾಕಿನ ಎಂಜಿನ್ ಕೂರಿಸೋದಕ್ಕೆ ಈಗ ಒಂದು ಸೊಗಸಾದ ಹೆಸರು ಸಿಕ್ಕಿದೆ. ರೆಸ್ಟೋಮಾಡ್ ಅಂತೆ. ಹೊರಗೆ 1960ರ ದಶಕ, ಒಳಗೆ ನಿನ್ನೆ ಮೊನ್ನೆ. ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ಬುಡದಲ್ಲಿ ನಿಲ್ಲಿಸಿ ಫೋಟೋ ತೆಗೆಸಿಕೊಳ್ಳೋಕೆ ಚೆನ್ನಾಗಿದೆ. ನನಗೆ ಮಾತ್ರ ತೊಟ್ಟಿ ಮನೆ ಕೆಡವಿ ಬಾಗಿಲ ಚೌಕಟ್ಟೊಂದನ್ನೇ ಉಳಿಸಿಕೊಂಡ ಹಾಗೆ ಕಾಣುತ್ತೆ.

"ಪಿಕಪ್ ಇಲ್ಲ ಗುರು, ಫ್ಲೈಓವರ್ ಹತ್ತೋದ್ರೊಳಗೆ ಹಿಂದಿನವರೆಲ್ಲ ಹಾರ್ನ್ ಹೊಡೀತಾರೆ" ಅಂತಾರೆ ಗೆಳೆಯರು. ದೂರು ನಿಜವೇ. ಹಳೇ ಕಾರಿಗೆ ಇನ್ನೊಂದಿಷ್ಟು ಕಸುವು ಬೇಕು ಅನ್ನೋ ಆಸೆಯೂ ತಪ್ಪಲ್ಲ. ನನ್ನ ತಕರಾರು ಇಷ್ಟೇ: ಆ ಕಸುವು ಆ ಎಂಜಿನ್ನಿನ ಮನೆತನದಲ್ಲೇ ಇದೆ. ಕೇಳೋರಿಲ್ಲ.

ಅಂಬಾಸಿಡರ್ ಮೂಲತಃ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಶುರುವಿನ ಕಾರುಗಳಲ್ಲಿ ಸೈಡ್ ವಾಲ್ವ್ ಎಂಜಿನ್ ಇತ್ತು. 1959ರಲ್ಲಿ ಹಿಂದೂಸ್ಥಾನ್ ಮೋಟರ್ಸ್ ಅದನ್ನು ಬಿಟ್ಟು ಬಿಎಂಸಿಯ 1489 ಸಿಸಿ ಬಿ-ಸೀರೀಸ್ ಎಂಜಿನ್ ಹಾಕಿತು. ಮಂತ್ರಿಗಳೂ ಟ್ಯಾಕ್ಸಿಯವರೂ ದಶಕಗಟ್ಟಲೆ ಓಡಾಡಿದ್ದು ಇದರಲ್ಲೇ. ಶಕ್ತಿ 50ರಿಂದ 55 ಬಿಎಚ್‌ಪಿ ಆಸುಪಾಸು. ಈಗ ಇದರ ಅಣ್ಣತಮ್ಮಂದಿರನ್ನ ನೋಡಿ. 1953ರಲ್ಲಿ ಬಂದ ಎಂಜಿ ಮ್ಯಾಗ್ನೆಟ್, ನಾಲ್ಕು ಬಾಗಿಲಿನ ಕುಟುಂಬದ ಕಾರು, ಅದೇ 1489 ಸಿಸಿಯಲ್ಲಿ 60 ಬಿಎಚ್‌ಪಿ ಕೊಡ್ತಿತ್ತು. ಅದರ ಮುಂದಿನ ಆವೃತ್ತಿ 68. 1955ರ ಎಂಜಿಎ ಸ್ಪೋರ್ಟ್ಸ್ ಕಾರು ಮೊದಲು 68, ಆಮೇಲೆ 72. ಬೋರ್ ಅದೇ, ಸ್ಟ್ರೋಕ್ ಅದೇ. ಟ್ಯಾಕ್ಸಿ ಎಂಜಿನ್ ಅಂತ ನೀವು ಮೂಗು ಮುರಿಯೋ ಕಬ್ಬಿಣದ ಗಟ್ಟಿಯೇ ಅಲ್ಲಿ ರೇಸಿಗೆ ಹೋಗ್ತಿತ್ತು.

ವ್ಯತ್ಯಾಸ ಎಲ್ಲಿಂದ ಬಂತು? ಬಹುಪಾಲು ಎಂಜಿನ್ ಉಸಿರಾಡೋ ರೀತಿಯಿಂದ. ಬಿ-ಸೀರೀಸ್ ಹೆಡ್ಡಿನಲ್ಲಿ ನಾಲ್ಕು ಸಿಲಿಂಡರಿಗೆ ಗಾಳಿ ಒಳಗೆ ಹೋಗೋ ದಾರಿ ಎರಡೇ. ಎರಡೆರಡು ಸಿಲಿಂಡರ್ ಒಂದೊಂದು ದಾರಿ ಹಂಚಿಕೊಳ್ತವೆ, ವಠಾರದ ನಲ್ಲಿ ಥರ. ಅಂಬಾಸಿಡರ್‌ನಲ್ಲಿ ಎರಡೂ ದಾರಿಗೆ ಸೇರಿ ಒಂದೇ ಕಾರ್ಬುರೇಟರ್. ಎಂಜಿಯವರು ದಾರಿಗೊಂದರಂತೆ ಎರಡು ಎಸ್‌ಯು ಕಾರ್ಬುರೇಟರ್ ಇಟ್ಟರು. ಎಸ್‌ಯು ಅಂದ್ರೆ ಬಲು ಸರಳ ಜಾಣತನ. ಒಳಗೊಂದು ಪಿಸ್ಟನ್, ಅದರಡಿಗೆ ಚೂಪಾಗುತ್ತಾ ಹೋಗೋ ಸೂಜಿ. ಎಂಜಿನ್ ಗಾಳಿ ಎಳೆದಷ್ಟೂ ಪಿಸ್ಟನ್ ಮೇಲೇಳುತ್ತೆ, ಸೂಜಿ ಜೆಟ್ಟಿನಿಂದ ಅಷ್ಟಷ್ಟೇ ಹೊರಗೆ ಬರುತ್ತೆ, ಪೆಟ್ರೋಲ್ ಅದಕ್ಕೆ ತಕ್ಕಂತೆ ಹೆಚ್ಚುತ್ತೆ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. (ಇದನ್ನ ಕಂಡುಹಿಡಿದ ಸ್ಕಿನ್ನರ್ ಕುಟುಂಬದ್ದು ಬೂಟಿನ ವ್ಯಾಪಾರ. ಮೊದಮೊದಲ ಎಸ್‌ಯುಗಳಲ್ಲಿ ಪಿಸ್ಟನ್ ಬದಲು ಚರ್ಮದ ತಿದಿ ಇತ್ತು!) ಇವತ್ತಿಗೂ ಇಂಗ್ಲೆಂಡಿನಲ್ಲಿ ಹೊಸ ಎಸ್‌ಯು ತಯಾರಾಗುತ್ತೆ, ಆರ್ಡರ್ ಮಾಡಿದ್ರೆ ಮನೆಗೆ ಬರುತ್ತೆ. ಹಾಗಾಗಿ "ಪಾರ್ಟ್ಸ್ ಎಲ್ಲಿ ಸಿಗುತ್ತೆ" ಅನ್ನೋದು ನೆಪ.

ಇನ್ನೊಂದು, ಕಂಪ್ರೆಷನ್. ಎಂಜಿಎಯದು 8.3. ನಮ್ಮದು ಅದಕ್ಕಿಂತ ಕಡಿಮೆ, ಆಗಿನ ಪೆಟ್ರೋಲಿಗೆ ಅಷ್ಟೇ ತಡೆಯೋಕೆ ಆಗ್ತಿದ್ದಿದ್ದು. ಇವತ್ತು ಬಂಕಿನ ಸಾದಾ ಪೆಟ್ರೋಲೇ 91 ಆಕ್ಟೇನ್. ಲೆಕ್ಕ ಹಾಕಿ ನೋಡಿ: ಒಂದೊಂದು ಸಿಲಿಂಡರ್ ಸುಮಾರು 372 ಸಿಸಿ. ಕಂಪ್ರೆಷನ್ 7ರಿಂದ 8ಕ್ಕೆ ಏರಬೇಕಾದ್ರೆ ಪೆಟ್ರೋಲ್ ಉರಿಯೋ ಕೋಣೆ 62 ಸಿಸಿಯಿಂದ 53 ಸಿಸಿಗೆ ಇಳಿದರೆ ಸಾಕು. 9 ಸಿಸಿ. ಎರಡು ಟೀ ಚಮಚದಷ್ಟೂ ಇಲ್ಲ. ಹೆಡ್ಡಿನ ತಳವನ್ನ ಚೂರು ತರಿಸಿದ್ರೆ ಆಗೋ ಕೆಲಸ. ಲೇತ್ ಅಂಗಡಿಯವರಿಗೆ ಇದು ಹೊಸದೇನಲ್ಲ. ಆದ್ರೆ ಒಂದು ಮಾತು: ನಿಮ್ಮ ಕಾರಿನ ಜೊತೆ ಬಂದ ಹೆಡ್ಡನ್ನ ತರಿಸಬೇಡಿ. ಗುಜರಿಯಿಂದ ಇನ್ನೊಂದು ಹೆಡ್ ತಂದು ಅದನ್ನ ತರಿಸಿ, ಮೂಲದ್ದಕ್ಕೆ ಗ್ರೀಸ್ ಬಳಿದು ಪೆಟ್ಟಿಗೆಯಲ್ಲಿಡಿ.

ಇಷ್ಟೆಲ್ಲಕ್ಕೂ ಮೊದಲು ಇರೋ ಎಂಜಿನ್ ಆರೋಗ್ಯವಾಗಿದೆಯಾ ನೋಡಬೇಕು. ಪಿಕಪ್ ಇಲ್ಲ ಅಂತ ಬರೋ ಅಂಬಾಸಿಡರ್‌ಗಳಲ್ಲಿ ನಾನು ಕಂಡ ಹಾಗೆ ಅರ್ಧಕ್ಕರ್ಧ ಕಾರುಗಳಿಗೆ ಬೇಕಿರೋದು ಟ್ಯೂನಿಂಗ್ ಅಷ್ಟೇ. ಸವೆದ ಡಿಸ್ಟ್ರಿಬ್ಯೂಟರ್ ಶಾಫ್ಟ್, ತುಕ್ಕು ಹಿಡಿದ ಅಡ್ವಾನ್ಸ್ ಸ್ಪ್ರಿಂಗ್, ಅಂದಾಜಿನ ಮೇಲೆ ಇಟ್ಟ ಟ್ಯಾಪೆಟ್ ಗ್ಯಾಪ್. ಕಾರ್ಬುರೇಟರಿನ ಥ್ರಾಟಲ್ ಸ್ಪಿಂಡಲ್ ಸಡಿಲ ಆಗಿ ಅಲ್ಲಿಂದ ಕಳ್ಳಗಾಳಿ ನುಗ್ಗುತ್ತಿರುತ್ತೆ. ಐವತ್ತು ಅಂತ ಬರೆದಿರೋ ಕಡೆ ಮೂವತ್ತೈದೋ ನಲವತ್ತೋ ಬಿಎಚ್‌ಪಿ ಬರ್ತಿದ್ರೆ, ಅದು ಎಂಜಿನ್ನಿನ ತಪ್ಪಾ?

ಮಿತಿಯೂ ಇದೆ, ಮುಚ್ಚಿಡಲ್ಲ. ಈ ಎಂಜಿನ್ನಿನ ಕ್ರ್ಯಾಂಕ್ ಕೂತಿರೋದು ಮೂರೇ ಮೇನ್ ಬೇರಿಂಗ್ ಮೇಲೆ; ಐದು ಬಂದಿದ್ದು 1964ರಲ್ಲಿ ಎಂಜಿಬಿಗೆ. ಮನಸ್ಸಿಗೆ ಬಂದ ಹಾಗೆ ತಿರುಗಿಸೋ ಹಾಗಿಲ್ಲ. 65 ಬಿಎಚ್‌ಪಿ ಬಂದ್ರೆ ಹಬ್ಬ. ನೂರು ಬೇಕು ಅನ್ನೋರಿಗೆ ಒಂದು ಪ್ರಶ್ನೆ: ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರೋ ಒಂದು ಟನ್ನಿಗೂ ಮಿಕ್ಕಿದ ಕಾರನ್ನ ನೂರು ಬಿಎಚ್‌ಪಿಯಲ್ಲಿ ಓಡಿಸಿ, ನಿಲ್ಲಿಸೋದು ಹೇಗೆ? ಆಗ ಬ್ರೇಕ್ ಬದಲಾಗುತ್ತೆ, ಆಮೇಲೆ ಗೇರ್‌ಬಾಕ್ಸ್, ಆಮೇಲೆ ಆಕ್ಸಲ್. ಕೊನೆಗೆ ಉಳಿಯೋದು ಬಾನೆಟ್ ಮೇಲಿನ ಹೆಸರು.

"ಕಂಪನಿಯವರೇ ಕೊನೆಗೆ ಇಸುಜು ಎಂಜಿನ್ ಹಾಕಲಿಲ್ವಾ?" ಅಂತ ವಾದ ಮಾಡ್ತಾರೆ. ಹಾಕಿದ್ರು, 1990ರ ದಶಕದಲ್ಲಿ, 1.8 ಲೀಟರಿನದು. ಹಾಗಿದ್ರೆ ಆ ಮಾಡೆಲ್ಲನ್ನೇ ಕೊಳ್ಳಿ. ಒಳ್ಳೇ ಕಾರು. 1962ರದ್ದನ್ನ ಹಾಳು ಮಾಡೋದು ಯಾಕೆ?

ಕಾನೂನೂ ನಿಮ್ಮ ಪರ ಇಲ್ಲ. ಆರ್‌ಸಿಯಲ್ಲಿರೋ ವಿವರಕ್ಕೆ ಹೊಂದದ ಹಾಗೆ ವಾಹನ ಮಾರ್ಪಡಿಸಬಾರದು ಅನ್ನುತ್ತೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಅದರ ಮೇಲೆ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿಯ ನಿಯಮ ತಂತು. 50 ವರ್ಷ ದಾಟಿದ ಗಾಡಿಗೆ 'ವಿಎ' ಅಕ್ಷರದ ನಂಬರ್. (ಕ್ಲಬ್ಬಿನ ಹಿರಿಯರು ಅಂಬಾಸಿಡರನ್ನ ವಿಂಟೇಜ್ ಅನ್ನಲ್ಲ, ಕ್ಲಾಸಿಕ್ ಅಂತಾರೆ. ಆ ಜಗಳ ಅವರಿಗೇ ಬಿಡೋಣ.) ಷರತ್ತು ಏನಪ್ಪಾ ಅಂದ್ರೆ, ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿಸ್, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಎರಡು ಎಸ್‌ಯು ಬಿಚ್ಚಿ ಹಳೇದನ್ನ ವಾಪಸ್ ಹಾಕೋಕೆ ಒಂದು ಭಾನುವಾರ ಸಾಕು. ಗುಜರಿ ಸೇರಿದ ಎಂಜಿನ್ ವಾಪಸ್ ಬರುತ್ತಾ?

ಇನ್ನೊಂದು ಕಡೆಯವರ ಜೊತೆಗೂ ನನಗೆ ಜಗಳ ಇದೆ. ಒಂದು ನಟ್ಟನ್ನೂ ಮುಟ್ಟಬಾರದು, ಕಾರ್ಖಾನೆಯಿಂದ ಬಂದ ಹಾಗೇ ಇರಬೇಕು ಅನ್ನೋ ಮಡಿವಂತರು. ಆ ಕಾಲದವರೇ ಅಷ್ಟು ಮಡಿ ಮಾಡ್ತಿರಲಿಲ್ಲ ಸ್ವಾಮೀ! ಶಕ್ತಿ ಹೆಚ್ಚಿಸೋದು ಹೇಗೆ ಅಂತ ಎಂಜಿ ಕಂಪನಿಯೇ ಎಂಜಿಎ ಮಾಲೀಕರಿಗೆ ಟ್ಯೂನಿಂಗ್ ಪುಸ್ತಿಕೆ ಅಚ್ಚು ಹಾಕಿಸಿತ್ತು. ಬಿಚ್ಚಿ ಸುಧಾರಿಸೋದೂ ಆ ಕಾಲದ ಸಂಪ್ರದಾಯವೇ. ಇನ್ನು ಇವತ್ತಿನ ಪೆಟ್ರೋಲಿಗೆ ಬೇಕಾದ್ದನ್ನ ಮಾಡಲೇಬೇಕು. ಸೀಸದ ಪೆಟ್ರೋಲ್ 2000ದಲ್ಲೇ ಹೋಯ್ತು, ಗಟ್ಟಿ ವಾಲ್ವ್ ಸೀಟ್ ಕೂರಿಸಿ. ಶೇ 20 ಎಥನಾಲ್ ಹಳೇ ರಬ್ಬರ್ ತಿನ್ನುತ್ತೆ, ಪೈಪು ಬದಲಿಸಿ. ಬೆಂಕಿ ಬಿದ್ದ ಮೇಲೆ ಮಡಿ ಕಟ್ಕೊಂಡು ಏನು ಮಾಡ್ತೀರಿ?

ನನಗೆ ನಿಜಕ್ಕೂ ಸಂಕಟ ಆಗೋದು ಬೇರೆ ವಿಷಯಕ್ಕೆ. ಎರಡು ಎಸ್‌ಯುಗಳಿಗೆ ರಬ್ಬರ್ ಕೊಳವೆ ಹಿಡಿದು, ಕಿವಿಗೊಟ್ಟು, ಎರಡರ ಸುಂಯ್‌ಗುಟ್ಟೋ ಸದ್ದು ಒಂದೇ ಶ್ರುತಿಗೆ ಬರೋ ತನಕ ಸ್ಕ್ರೂ ತಿರುಗಿಸೋ ಮೆಕ್ಯಾನಿಕ್‌ಗಳಿಗೆ ಈಗ ಎಪ್ಪತ್ತರ ಹತ್ತಿರ ವಯಸ್ಸು. "ಇದು ಕಲಿತು ಏನ್ ಮಾಡ್ತೀಯ, ಗಾಡಿನೇ ಬರಲ್ಲ" ಅಂತ ಅವರೇ ಹುಡುಗರನ್ನ ಸ್ಕ್ಯಾನರ್ ಹಿಡಿಯೋ ಕೆಲಸಕ್ಕೆ ಕಳಿಸ್ತಿದ್ದಾರೆ. ಒಂದೊಂದು ಬಿ-ಸೀರೀಸ್ ಕಿತ್ತಾಗಲೂ ಅವರ ಗ್ಯಾರೇಜಿಗೆ ಒಂದೊಂದು ಗಿರಾಕಿ ಕಮ್ಮಿ.

ಈಗಾಗಲೇ ಎಂಜಿನ್ ಬದಲಿಸಿ ಆಗಿದ್ಯಾ? ಸರಿ, ನಿಮ್ಮ ಕಾರು, ನಿಮ್ಮ ದುಡ್ಡು. ಕಿತ್ತ ಹಳೇ ಎಂಜಿನ್ ಇನ್ನೂ ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿದ್ರೆ, ಕೆಜಿ ಲೆಕ್ಕದಲ್ಲಿ ಕೊಡೋ ಮುಂಚೆ ಜೆಸಿ ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಒಂದು ಮಾತು ಹೇಳಿಡಿ. ತರಿಸೋಕೆ ಒಂದು ಹೆಡ್ ಹುಡುಕುತ್ತಿರೋರು ಇದ್ದಾರೆ.