ಮಗಳಿಗೆ ಮೊದಲ ಮೋಟಾರು ವಾಹನ ಯಾವಾಗ?

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು ಈಗ ಉದ್ಯೋಗಸ್ಥರಾಗಿರುವರು. ಹಲವರು ತಾವೇ ತಾಯಂದಿರಾಗಿ ತಮ್ಮ ಮಕ್ಕಳನ್ನು ಇದೇ ಶಾಲೆಗೆ ಕಳುಹಿಸುತ್ತಿರುವರು. ಈ ಉಭಯ ವರ್ಗದವರೂ ಈಚೆಗೆ ನನ್ನನ್ನು ಕೇಳುವ ಪ್ರಶ್ನೆಯೊಂದುಂಟು: “ಮೇಡಂ, ಗಾಡಿಯನ್ನು ಈಗಲೇ ಕೊಳ್ಳಬಹುದೇ, ಇನ್ನೂ ಸ್ವಲ್ಪ ಕಾಲ ತಡೆಯಬೇಕೇ?” ಪ್ರಶ್ನೆಯು ಸಣ್ಣದೆಂದು ತೋರಬಹುದು. ಆದರೆ ಮನೆಯ ಹಣ, ಮಗಳ ಸ್ವಾತಂತ್ರ್ಯ, ಅವಳ ಪ್ರಾಣ ಈ ಮೂರೂ ಅದರಲ್ಲಿ ಅಡಗಿರುವುದರಿಂದ, ಈ ಸಂಚಿಕೆಯ ಮೂಲಕ ಎಲ್ಲರಿಗೂ ಒಮ್ಮೆಗೇ ಉತ್ತರ ಹೇಳುವುದು ಉಚಿತವೆಂದು ಭಾವಿಸಿರುವೆನು.

ನನ್ನ ಅಭಿಪ್ರಾಯವನ್ನು ಮೊದಲೇ ತಿಳಿಸಿಬಿಡುವೆನು. ವಾಹನವನ್ನು ಬಹುಮಾನವಾಗಿ ಕೊಡತಕ್ಕದ್ದಲ್ಲ. ಮಗಳಿಗೆ ಅದರ ಅವಶ್ಯಕತೆಯುಂಟಾಗಿ, ಲೈಸೆನ್ಸು ಅವಳ ಕೈಸೇರಿ, ಮನೆಯಲ್ಲಿರುವ ಹಳೆಯ ಗಾಡಿಯ ಮೇಲೆ ಅವಳ ಕೈ ಪಳಗಿದ ಬಳಿಕ ಕೊಡತಕ್ಕದ್ದು. ಈ ಮೂರೂ ಕೂಡಿಬಂದ ಮೇಲಾದರೋ, ಅವಳು ಹೆಣ್ಣೆಂಬ ಕಾರಣದಿಂದ ಒಂದು ದಿನವೂ ತಡಮಾಡತಕ್ಕದ್ದಲ್ಲ.

ನಮ್ಮ ಊರುಗಳಲ್ಲಿ ಮೊದಲ ಗಾಡಿಯು ಬಹುಮಟ್ಟಿಗೆ ಯಾವಾಗ ಮನೆಗೆ ಬರುವುದೆಂಬುದನ್ನು ನೋಡಿರಿ. ಎಸ್.ಎಸ್.ಎಲ್.ಸಿ. ಫಲಿತಾಂಶವು ಬೇಸಗೆಯಲ್ಲಿ ಹೊರಬೀಳುವುದು. “ಒಳ್ಳೆಯ ಅಂಕ ಬಂದರೆ ಸ್ಕೂಟರು” ಎಂದು ಮಾತು ಕೊಟ್ಟ ತಂದೆಯು ಅದನ್ನು ಉಳಿಸಿಕೊಳ್ಳಲು ಅಂಗಡಿಗೆ ಹೋಗುವನು. ಆಗ ಮಗಳಿಗೆ ಹದಿನೈದೋ ಹದಿನಾರೋ ವಯಸ್ಸು. 1988ರ ಮೋಟಾರು ವಾಹನಗಳ ಕಾಯಿದೆಯಂತೆ ಹದಿನೆಂಟು ತುಂಬದವರು ಸಾರ್ವಜನಿಕ ರಸ್ತೆಯಲ್ಲಿ ಮೋಟಾರು ವಾಹನವನ್ನು ನಡೆಸಕೂಡದು. ಹದಿನಾರು ತುಂಬಿದವರಿಗೆ ಐವತ್ತು ಸಿ.ಸಿ.ಯನ್ನು ಮೀರದ ದ್ವಿಚಕ್ರಕ್ಕೆ ಮಾತ್ರ ಅನುಮತಿಯುಂಟು. ಆದರೆ ಇಂದು ಸಾಮಾನ್ಯವಾಗಿ ಮಾರಾಟವಾಗುವ ಸ್ಕೂಟರುಗಳು 110 ಅಥವಾ 125 ಸಿ.ಸಿ.ಯವಾದುದರಿಂದ ಆ ಅನುಮತಿಯು ಹೆಸರಿಗಷ್ಟೇ ಉಳಿದಿದೆ. 2019ರ ತಿದ್ದುಪಡಿಯು ಇನ್ನೂ ಕಠಿಣವಾದುದು. ಅಪ್ರಾಪ್ತ ವಯಸ್ಸಿನವರು ವಾಹನ ನಡೆಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಒಡೆಯರಿಗೆ ಮೂರು ವರ್ಷಗಳವರೆಗೆ ಸೆರೆವಾಸವನ್ನೂ 25,000 ರೂಪಾಯಿಗಳ ದಂಡವನ್ನೂ ವಿಧಿಸಬಹುದು. ವಾಹನದ ನೋಂದಣಿಯು ಹನ್ನೆರಡು ತಿಂಗಳು ರದ್ದಾಗುವುದು. ಮಗುವಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಲೈಸೆನ್ಸು ದೊರೆಯದು. ಮಗಳ ಸಂತೋಷಕ್ಕಾಗಿ ಕೊಂಡ ಗಾಡಿಯೇ ಅವಳ ಕಾಲೇಜಿನ ದಿನಗಳನ್ನೆಲ್ಲ ಗಾಡಿಯಿಲ್ಲದೆ ಕಳೆಯುವಂತೆ ಮಾಡಿದರೆ ಅದಕ್ಕಿಂತ ವಿಪರೀತವು ಇನ್ನೇನಿರುವುದು?

ವಯಸ್ಸಿನ ಮಾತು ಹಾಗಿರಲಿ. ಋತುವಿನ ಮಾತನ್ನೂ ವಿಚಾರಿಸೋಣ. ಬೇಸಗೆಯ ಕೊನೆಯಲ್ಲಿ ಕೊಂಡ ಗಾಡಿಯನ್ನು ಹೊಸಬಳು ಜೂನ್ ತಿಂಗಳ ಮಳೆಯಲ್ಲಿ ನಡೆಸಬೇಕಾಗುವುದು. ಬೇಸಗೆಯಲ್ಲೆಲ್ಲ ರಸ್ತೆಯ ಮೇಲೆ ಕುಳಿತ ಎಣ್ಣೆ, ಧೂಳುಗಳು ಮೊದಲ ಮಳೆಗೆ ಕಲಸಿ ಜಾರುವ ಲೇಪದಂತಾಗುವುವು. ರೈಲು ಹಳಿಗಳೂ, ರಸ್ತೆಗೆ ಬಳಿದ ಬಿಳಿಯ ಪಟ್ಟೆಗಳೂ ತೊಯ್ದಾಗ ಮತ್ತಷ್ಟು ಜಾರುವುವು. ಗಂಟೆಗೆ ನಲವತ್ತು ಕಿಲೋಮೀಟರು ವೇಗದಲ್ಲಿ ಹೋಗುವ ಗಾಡಿಯು ಒಂದು ಸೆಕೆಂಡಿಗೆ ಹನ್ನೊಂದು ಮೀಟರು ಸಾಗುವುದು. ಎದುರಿಗೆ ದನವೊಂದು ಅಡ್ಡಬಂದುದನ್ನು ಕಂಡು ಬ್ರೇಕು ಹಿಡಿಯುವಷ್ಟರಲ್ಲೇ ಅಷ್ಟು ದೂರ ಕಳೆದಿರುವುದು. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬಿ. ಎಚ್. ರಸ್ತೆಯು ಬೆಂಗಳೂರು–ಹೊನ್ನಾವರದ ಹೆದ್ದಾರಿಯೆಂಬುದನ್ನು ಮರೆಯಬಾರದು. ಲಾರಿ ಬಸ್ಸುಗಳ ನಡುವೆ, ಸುರಿಯುವ ಮಳೆಯಲ್ಲಿ, ಮೊದಲ ಪಾಠವನ್ನು ಕಲಿಯಲು ಅದು ಸ್ಥಳವಲ್ಲ.

ಆದುದರಿಂದ ಹದಿನೆಂಟು ತುಂಬಿದವರಿಗೆ ನಾನು ಹೇಳುವ ಕ್ರಮವಿದು. ದಸರೆಯ ಹೊತ್ತಿಗೆ ಕಲಿಕೆಯ ಲೈಸೆನ್ಸನ್ನು ಪಡೆಯಿರಿ. ಅದು ಆರು ತಿಂಗಳು ಸಲ್ಲುವುದು. ಮೂವತ್ತು ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದು. ಆ ಅವಧಿಯಲ್ಲಿ ಬಿಳಿಯ ಹಲಗೆಯ ಮೇಲೆ ಕೆಂಪು ‘ಎಲ್’ ಅಕ್ಷರವಿರಲಿ; ಲೈಸೆನ್ಸುಳ್ಳ ಬೋಧಕರ ಹೊರತು ಯಾರನ್ನೂ ಹಿಂದೆ ಕೂರಿಸಿಕೊಳ್ಳಬೇಡಿರಿ. ಗೇರಿಲ್ಲದ ಗಾಡಿಯ ಲೈಸೆನ್ಸು ಗೇರುಳ್ಳ ಮೋಟಾರು ಸೈಕಲ್ಲಿಗೆ ಸಲ್ಲದು. ಯಾವುದು ಬೇಕೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಿರಿ. ಮಳೆಯಿಲ್ಲದ ತಿಂಗಳುಗಳಲ್ಲಿ ಮನೆಯ ಹಳೆಯ ಗಾಡಿಯಲ್ಲಿ ಅಭ್ಯಾಸ ಮಾಡಿ, ಸಂಕ್ರಾಂತಿಯ ವೇಳೆಗೆ ಹೊಸದನ್ನು ಕೊಂಡರೆ, ಮೊದಲ ಮಳೆ ಬೀಳುವಾಗ ನಿಮ್ಮ ಕೈಗೆ ಆರೇಳು ತಿಂಗಳ ಅನುಭವವಿರುವುದು. ಹಳೆಯ ಗಾಡಿಗೆ ಗೀರು ಬಿದ್ದರೆ ಯಾರೂ ಅಳುವುದಿಲ್ಲ.

ಅವಶ್ಯಕತೆಯನ್ನು ಅಳೆಯುವುದೂ ಕಷ್ಟವಲ್ಲ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಮಹಿಳೆಯರಿಗೆ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣವು ಉಚಿತವಾಗಿದೆ. ಎರಡು ಊರುಗಳ ನಡುವೆ ರೈಲೂ ಉಂಟು. ಹಗಲಿನ ಕೆಲಸಕ್ಕೆ ಬಸ್ಸು ಸಾಕಾಗುವವಳು ಕಂತಿನ ಸಾಲವನ್ನು ತಲೆಯ ಮೇಲೆ ಎಳೆದುಕೊಳ್ಳುವುದು ಅನಾವಶ್ಯಕ. ಆದರೆ ಆಸ್ಪತ್ರೆಯ ಪಾಳಿ ಮುಗಿಸಿ ರಾತ್ರಿ ಹೊರಡುವ ದಾದಿಯೂ, ಬಸ್ಸು ತಲುಪದ ಹಳ್ಳಿಯ ಶಾಲೆಗೆ ಹೋಗುವ ಉಪಾಧ್ಯಾಯಿನಿಯೂ, ಶಂಕರಘಟ್ಟದ ವಿಶ್ವವಿದ್ಯಾನಿಲಯದಿಂದ ಹೊತ್ತು ಮೀರಿ ಮರಳುವ ವಿದ್ಯಾರ್ಥಿನಿಯೂ ಬಸ್ಸಿನ ಮರ್ಜಿಯನ್ನು ಕಾಯಲಾರರು.

ಇಲ್ಲಿಯೇ ನಾನು ಪೋಷಕರೊಡನೆ ಸ್ವಲ್ಪ ನಿಷ್ಠುರವಾಗಿ ಮಾತನಾಡಬೇಕಾಗಿದೆ. ಮಗನಿಗೆ ಹದಿನೆಂಟು ತುಂಬಿದ ವಾರವೇ ಮೋಟಾರು ಸೈಕಲ್ಲು ಬರುವ ಮನೆಯಲ್ಲಿ, ಇಪ್ಪತ್ನಾಲ್ಕು ವರ್ಷದ, ಸಂಬಳ ತರುವ ಮಗಳಿಗೆ “ಮದುವೆಯಾಗಲಿ, ಆಮೇಲೆ ನೋಡೋಣ” ಎಂಬ ಉತ್ತರವನ್ನು ನಾನು ಕೇಳಿಬಲ್ಲೆನು. ಅವಳು ರಾತ್ರಿ ಎಂಟು ಗಂಟೆಗೆ ನಿಲ್ದಾಣದಲ್ಲಿ ಒಬ್ಬಳೇ ನಿಂತು ತಮ್ಮನ ದಾರಿ ಕಾಯುವುದು ಕ್ಷೇಮವೆಂದೂ, ತಾನೇ ಗಾಡಿ ನಡೆಸಿಕೊಂಡು ಬರುವುದು ಅಪಾಯವೆಂದೂ ಹೇಳುವುದು ಎಂತಹ ನ್ಯಾಯ? ಅಪಾಯದ ಭಯವು ನಿಜವಾದುದಾದರೆ ಅದು ಮಗನ ವಿಷಯದಲ್ಲಿಯೂ ಇರಬೇಕಷ್ಟೆ. ಇಬ್ಬರಿಗೂ ಒಂದೇ ಅಳತೆಗೋಲು ಇರಲಿ: ವಯಸ್ಸು, ಲೈಸೆನ್ಸು, ಅಭ್ಯಾಸ, ಅವಶ್ಯಕತೆ.

ಕೊಳ್ಳುವ ದಿನ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದುದು ಗಾಡಿಯ ಬೆಲೆಯೊಂದನ್ನೇ ಅಲ್ಲ. ನೋಂದಣಿ, ತೆರಿಗೆ, ಮತ್ತು 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರಗಳಿಗೆ ಕಡ್ಡಾಯವಾಗಿರುವ ಐದು ವರ್ಷಗಳ ಮೂರನೆಯವರ ವಿಮೆ, ಇವೂ ಸೇರುವುವು. ಐ.ಎಸ್.ಐ. ಗುರುತುಳ್ಳ ಎರಡು ಹೆಲ್ಮೆಟ್ಟುಗಳಿಗೆ ಹಣ ಉಳಿಯದಿದ್ದರೆ, ಗಾಡಿ ಕೊಳ್ಳುವ ಕಾಲ ಇನ್ನೂ ಬಂದಿಲ್ಲವೆಂದೇ ತಿಳಿಯಿರಿ. ಹಿಂದೆ ಕುಳಿತವರಿಗೂ ಅದು ಅವಶ್ಯಕ. ಕುಳಿತಾಗ ಎರಡು ಅಂಗಾಲುಗಳೂ ನೆಲಕ್ಕೆ ಊರುವಂತಹ ಹಗುರವಾದ ಗಾಡಿಯೇ ಹೊಸಬಳಿಗೆ ಲೇಸು. ಸೆರಗು, ದುಪಟ್ಟಾಗಳು ಹಿಂದಿನ ಚಕ್ರಕ್ಕೆ ಸಿಕ್ಕದಂತೆ ತಡೆಯುವ ರಕ್ಷಾಕವಚವನ್ನು ಕಾನೂನೇ ವಿಧಿಸಿದೆ. ಅಂದಕ್ಕಾಗಿ ಅದನ್ನು ಕಳಚಿಸಬೇಡಿರಿ.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮ ಸಂಪಾದನೆಯಿಂದ ಕೊಂಡ ಗಾಡಿಯ ಬೀಗದಕೈ ನಿಮ್ಮ ಬಳಿಯೇ ಇರಲಿ. ಅದರೊಡನೆ ಲೈಸೆನ್ಸೂ ಇರಲಿ. ಪೋಷಕರೇ, ಈ ಬೇಸಗೆಯಲ್ಲಿ ಫಲಿತಾಂಶ ಬಂದಾಗ ಮಗಳಿಗೆ ಪುಸ್ತಕವನ್ನೋ ಕೈಗಡಿಯಾರವನ್ನೋ ಕೊಡಿರಿ. ಹದಿನೆಂಟು ತುಂಬಿದ ಮೇಲೆ ಅವಳಾಗಿಯೇ ಗಾಡಿಯ ಮಾತೆತ್ತಿದಾಗ, ದಯವಿಟ್ಟು ಮಾತು ಮರೆಸಬೇಡಿರಿ.

— ಮುಖ್ಯೋಪಾಧ್ಯಾಯಿನಿ