ಉಳ್ಳಾಗಡ್ಡಿ ತಪ್ಪಲ್ಲ

ಪಿಯುಸಿ ಸೈನ್ಸ್ ಮುಗಿಸಿ ಬಿಎಎಸ್‌ಎಲ್‌ಪಿ ಸೇರ್ತೀನಿ ಅಂದಾಗ ಉಗರಗೋಳದ ನಮ್ಮ ಮನೆಯಲ್ಲಿ ಅದೇನಂತ ಯಾರಿಗೂ ತಿಳಿದಿರಲಿಲ್ಲ. ವಾಕ್ ಮತ್ತು ಶ್ರವಣದ ಓದು ಅಂದೆ. "ಮಾತು ಕಲಸಾಕ ಕಾಲೇಜ ಬೇಕೇನ ಯವ್ವಾ? ನಿನಗ ನಾ ಪುಕ್ಕಟೆ ಕಲಿಸಿಲ್ಲೇನ?" ಅಂತ ಆಯಿ ನಕ್ಕಳು.

ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಕಿವಿಯ ರಚನೆ, ನರಗಳು, ಧ್ವನಿವಿಜ್ಞಾನ, ಭಾಷಾವಿಜ್ಞಾನ, ಮನೋವಿಜ್ಞಾನ, ಜೊತೆಗೆ ಕ್ಲಿನಿಕ್. ಈಗ ಧಾರವಾಡ, ಮಂಗಳೂರು, ಬೆಂಗಳೂರಿನಲ್ಲೂ ಈ ಕೋರ್ಸ್ ಇದೆ. ನಾನು ಹೋಗಿದ್ದು ಮೈಸೂರಿಗೆ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇರೋದು ಅದೇ ಊರಲ್ಲಿ.

ಎರಡನೇ ವರ್ಷ ಕ್ಲಿನಿಕ್‌ಗೆ ನಮ್ಮ ಕಡೆಯ ಒಂದು ಮಗು ಬಂತು. ಗೆಳತಿ ಚಿತ್ರ ತೋರಿಸಿದಳು. ಈರುಳ್ಳಿಗೆ ಮಗು "ಉಳ್ಳಾಗಡ್ಡಿ" ಅಂತು. ಕಡಲೆಕಾಯಿಗೆ "ಶೇಂಗಾ", ಬೀಗಕ್ಕೆ "ಕೀಲಿ". ಮೂರಕ್ಕೂ ತಪ್ಪು ಬಿತ್ತು. ಮೇಡಂ ಹಾಳೆ ನೋಡಿ ಒಂದೇ ಪ್ರಶ್ನೆ ಕೇಳಿದರು: "ಇವರ ಮನೆಯಲ್ಲಿ ಇದಕ್ಕೆ ಏನಂತಾರೆ, ಕೇಳಿದ್ರಾ?"

ನಾಲ್ಕು ವರ್ಷದಲ್ಲಿ ನಾನು ಕಲಿತ ದೊಡ್ಡ ಪಾಠ ಅದು. ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಹಾಲು "ಆಲು" ಆಗುತ್ತೆ. ಅದಕ್ಕೆ ಥೆರಪಿ ಬೇಕಿಲ್ಲ. ಮಗುವಿನ ಮಾತನ್ನು ಅದರ ಮನೆಯ, ಓಣಿಯ ಮಾತಿನ ಜೊತೆ ಹೋಲಿಸಬೇಕೇ ಹೊರತು ಪುಸ್ತಕದ ಜೊತೆ ಅಲ್ಲ.

ಇದರ ಇನ್ನೊಂದು ಮುಖ ಗೊತ್ತಾಗಿದ್ದು ಊರಲ್ಲಿ. ಬನದ ಹುಣ್ಣಿಮೆಗೆ ಹೋಗಿದ್ದೆ. ಪಕ್ಕದ ಮನೆ ಅಕ್ಕನ ಮಗನಿಗೆ ಎರಡೂವರೆ ವರ್ಷ. ಒಂದೂ ಮಾತಿಲ್ಲ. "ಅವರಪ್ಪನೂ ತಡಾನ ಮಾತಾಡಿದ್ದ. ಕಿವಿ ಚಲೋ ಅದಾವ, ಡೊಳ್ಳ ಬಾರಿಸಿದ್ರ ತಿರಗ್ತಾನ" ಅಂದರು.

ತಿರುಗುತ್ತಿದ್ದ ನಿಜ. ಆದರೆ ಹಿಂದೆ ನಿಂತು ಮೆಲ್ಲಗೆ ಕರೆದರೆ ತಿರುಗಲಿಲ್ಲ. ಡೊಳ್ಳಿನ ಸದ್ದು ಜೋರು, ಅದರ ಕಂಪನ ಮೈಗೂ ತಾಗುತ್ತೆ. "ಸ", "ಶ" ಬಹಳ ಸಣ್ಣ, ತೀಕ್ಷ್ಣ ಸದ್ದುಗಳು. ಡೊಳ್ಳು ಕೇಳುವ ಕಿವಿಗೆ ಮಾತು ಕೇಳಲೇಬೇಕು ಅಂತೇನಿಲ್ಲ.

"ಅಕ್ಕಾ, ನಾ ಇನ್ನೂ ಕಲಿಯಾಕಿ. ಆದ್ರ ಕಿವಿ ಪರೀಕ್ಷೆ ಒಂದ ಮಾಡಿಸ್ರಿ" ಅಂದೆ. ಆಯಿಗೆ ಸಿಟ್ಟು ಬಂತು. "ಮಂದಿ ಕೂಸಿಗೆ ಕುಂದ ಹಚ್ಚಬ್ಯಾಡ." ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ. ನಾನೇ ತಪ್ಪಿದ್ದರೆ?

ಎರಡು ತಿಂಗಳ ಮೇಲೆ ಅವರು ಹೋದರು. ಬೆರಾ ಪರೀಕ್ಷೆ ಅಂದರೆ ಮಗು ಮಲಗಿರುವಾಗಲೇ ತಲೆಗೆ ಪುಟ್ಟ ಎಲೆಕ್ಟ್ರೋಡ್ ಅಂಟಿಸಿ ನೋಡೋದು, ನೋವಿಲ್ಲ. ಎರಡೂ ಕಿವಿಯಲ್ಲಿ ತೊಂದರೆ ಇತ್ತು.

ನಿಮ್ಮ ಮನೆಯಲ್ಲೋ, ಅಕ್ಕನ ಮನೆಯಲ್ಲೋ ಪುಟ್ಟ ಕೂಸಿದ್ದರೆ ಇಷ್ಟು ನೆನಪಿಡಿ. ಹುಟ್ಟಿದ ಒಂದು ತಿಂಗಳೊಳಗೆ ಕಿವಿ ತಪಾಸಣೆ, ಅನುಮಾನ ಬಂದರೆ ಮೂರರೊಳಗೆ ಪೂರ್ತಿ ಪರೀಕ್ಷೆ, ಆರರೊಳಗೆ ಚಿಕಿತ್ಸೆ ಶುರು. ಎರಡು ವರ್ಷಕ್ಕೆ ಎರಡು ಪದ ಜೋಡಿಸದಿದ್ದರೆ ಕಾಯಬೇಡಿ.

ಆ ಹುಡುಗ ಈಗ ಹಿಯರಿಂಗ್ ಏಡ್ ಹಾಕ್ತಾನೆ. ಮೊನ್ನೆ ಆಯಿ ವಿಡಿಯೋ ಕಾಲ್ ಮಾಡಿ ಅವನ ಕೈಗೆ ಗಡ್ಡಿ ಕೊಟ್ಟಳು. "ಇದೇನೋ?" ಅಂದಳು. "ಉಳ್ಳಾದಡ್ಡಿ" ಅಂದ.

"ಗ" ಹೋಗಿ "ದ" ಬಂದಿತ್ತು. ಅದಕ್ಕೆ ಥೆರಪಿ ನಡೀತಿದೆ. ಉಳಿದದ್ದೆಲ್ಲ ಸರಿಯಾಗೇ ಇದೆ, ಅದು ನಮ್ಮೂರ ಕನ್ನಡ.